ಅವಧಿಗೆ ಮುಂಚಿನ ನಿವೃತ್ತಿ: ಒಂದು ಹಗೇವಿನ ಲೆಕ್ಕ

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯ ಹಿರಿಯರೊಬ್ಬರು, ಯಾವ ಮನೆತನದ ಮಾತು ಬಂದರೂ, ಹೊಲ ಎಷ್ಟು ಎಕರೆ ಎಂದು ಕೇಳುತ್ತಿರಲಿಲ್ಲ. "ಹಗೇವಿನಾಗ ಎಷ್ಟು ವರ್ಷದ ಜ್ವಾಳ ಐತಿ?" ಎಂದು ಕೇಳುತ್ತಿದ್ದರು. ಹಗೇವನ್ನು ಕಾಣದ ಪಟ್ಟಣದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಗಟ್ಟಿಯಾದ ಒಣನೆಲದಲ್ಲಿ ಆಳವಾದ ಗುಂಡಿಯನ್ನು ತೋಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮುಚ್ಚಿದರೆ ಅದೇ ಹಗೇವು. ಮಳೆ ಒಂದು ವರ್ಷ ಕೈಕೊಟ್ಟರೂ ಹಗೇವು ತುಂಬಿದ್ದ ಮನೆಯವರು ಗುಳೆ ಹೋಗುತ್ತಿರಲಿಲ್ಲ. ಎಷ್ಟು ಬೆಳೆದೆ ಎಂಬುದಕ್ಕಿಂತ, ಉಂಡು ಎಷ್ಟು ಉಳಿಯಿತು, ಉಳಿದದ್ದು ಎಷ್ಟು ದಿನ ಬಂದೀತು ಎಂಬುದೇ ಆ ಹಿರಿಯರ ಅಳತೆಗೋಲು.

ಈ ಮಾತು ನನಗೆ ಮರಳಿ ನೆನಪಾದದ್ದು ನಮ್ಮ ಗಣಿತದ ಮಾಸ್ತರರಿಂದ. ಮೂವತ್ತನಾಲ್ಕು ವರ್ಷದ ತರುಣರು. ಹುಲಿಹೈದರದಿಂದ ಕನಕಗಿರಿಗೆ ಹೋಗುವ ಬಸ್ಸನ್ನು ಕಾಯುತ್ತ ನಿಂತಿದ್ದಾಗ ಅವರು, "ಸರ್, ನಲವತ್ತೈದಕ್ಕೆ ನಾನು ನೌಕರಿ ಬಿಡಬೇಕೆಂದಿದ್ದೇನೆ" ಎಂದರು. ನಾನು ನಕ್ಕೆ. ನಕ್ಕ ಮೇಲೆ ನಾಚಿಕೆಯೂ ಆಯಿತು. ಏಕೆಂದರೆ ಐವತ್ತೆರಡನೆಯ ವಯಸ್ಸಿನಲ್ಲಿ ಬೇಸರದ ಒಂದು ಸಂಜೆ ನಾನೇ ಬರೆದಿಟ್ಟ ಸ್ವಯಂ ನಿವೃತ್ತಿಯ ಅರ್ಜಿ ನನ್ನ ಪೆಟ್ಟಿಗೆಯ ತಳದಲ್ಲಿತ್ತು. ನನಗೀಗ ಐವತ್ತೇಳು. ಅವರದು ಲೆಕ್ಕ ಮಾಡಿ ಆಡಿದ ಮಾತು, ನನ್ನದು ಲೆಕ್ಕವಿಲ್ಲದೆ ಬರೆದ ಅರ್ಜಿ. ಅಂದಿನಿಂದ ನಾವಿಬ್ಬರೂ ಈ ವಿಷಯವನ್ನು ಬಿಡುವಿದ್ದಾಗಲೆಲ್ಲ ಚರ್ಚಿಸಿದೆವು. ಅದರಿಂದ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯಲ್ಲಿಯೂ ಮಗನೋ ಮಗಳೋ ಇಂಥದೇ ಮಾತನ್ನು ಆಡಿರಬಹುದು.

ಮೊದಲು ನಿಯಮವನ್ನು ತಿಳಿಯೋಣ. ಕರ್ನಾಟಕ ಸರಕಾರದ ನೌಕರರಿಗೆ ನಿವೃತ್ತಿಯ ವಯಸ್ಸು ೬೦. ೨೦೦೮ರವರೆಗೆ ೫೮ ಇತ್ತು. ಅದಕ್ಕೂ ಮುಂಚೆ ಬಿಡಬೇಕೆಂದರೆ ೧೫ ವರ್ಷಗಳ ಅರ್ಹ ಸೇವೆ ಮುಗಿದಿರಬೇಕು, ಇಲ್ಲವೆ ೫೦ ವರ್ಷ ತುಂಬಿರಬೇಕು. ಮೂರು ತಿಂಗಳು ಮುಂಚಿತವಾಗಿ ನೋಟೀಸು ಕೊಡಬೇಕು. ಬಾಗಿಲು ತೆರೆದೇ ಇದೆ. ಆದರೆ ಹೊರಗೆ ಕಾಲಿಟ್ಟವನಿಗೆ ಅನ್ನದ ದಾರಿ ಎಲ್ಲರಿಗೂ ಒಂದೇ ಅಲ್ಲ. ೨೦೦೬ರ ಏಪ್ರಿಲ್ ೧ಕ್ಕಿಂತ ಮೊದಲು ಸೇರಿದ ನನ್ನಂಥವರಿಗೆ ಹಳೆಯ ಪಿಂಚಣಿಯ ಆಸರೆಯುಂಟು. ಅದು ಕೊನೆಯ ಸಂಬಳವನ್ನೂ ಸೇವೆಯ ವರ್ಷಗಳನ್ನೂ ನೋಡಿ ನಿಗದಿಯಾಗುವುದರಿಂದ ಮುಂಚೆ ಬಿಟ್ಟವನಿಗೆ ಎರಡು ಕಡೆಯೂ ನಷ್ಟ. ಅಂದಿನಿಂದೀಚೆಗೆ ಸೇರಿದವರಿಗೆ ಬಂದದ್ದು ಹೊಸ ಪಿಂಚಣಿ ಯೋಜನೆ. ಅದರಲ್ಲಿ ತಾವೂ ಸರಕಾರವೂ ತಿಂಗಳು ತಿಂಗಳು ತುಂಬಿದ ಗಂಟು ಎಷ್ಟು ಬೆಳೆಯಿತೋ ಅಷ್ಟರ ಮೇಲೆ ಮುಂದಿನ ಬದುಕು ನಿಂತಿದೆ. ಖಾಸಗಿ ಕೆಲಸದವರಲ್ಲಿ ಹಲವರಿಗೂ ಅಂಗಡಿಕಾರರಿಗೂ ಬಹುಮಟ್ಟಿಗೆ ತಾವೇ ಕೂಡಿಟ್ಟದ್ದೇ ಗತಿ. ಇನ್ನು ನಮ್ಮ ರೈತನಿಗಂತೂ ನಿವೃತ್ತಿ ಎಂಬ ಶಬ್ದವೇ ಗೊತ್ತಿಲ್ಲ. ಅವನು ಕೈ ನಡೆಯುವವರೆಗೂ ದುಡಿಯುವವನು.

ಎಷ್ಟು ಕೂಡಿಟ್ಟರೆ ಸಾಕು? ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಜಗತ್ತಿನಲ್ಲಿ ಪ್ರಚಾರದಲ್ಲಿರುವ ಒಂದು ಉತ್ತರವಿದೆ. ಅಮೆರಿಕದ ಹಣಕಾಸು ಸಲಹೆಗಾರರಾದ ವಿಲಿಯಂ ಬೆಂಗೆನ್ ಎಂಬವರು ೧೯೯೪ರಲ್ಲಿ, ಅಲ್ಲಿಯ ಷೇರು ಮತ್ತು ಸಾಲಪತ್ರಗಳ ಹಲವು ದಶಕಗಳ ಲೆಕ್ಕವನ್ನು ಪರಿಶೀಲಿಸಿ ಒಂದು ಸೂತ್ರವನ್ನು ಹೇಳಿದರು. ಕೂಡಿಟ್ಟ ಮೊತ್ತದಲ್ಲಿ ಮೊದಲ ವರ್ಷ ನೂರಕ್ಕೆ ನಾಲ್ಕರಂತೆ ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸುತ್ತ ಹೋದರೂ ಆ ಗಂಟು ಮೂವತ್ತು ವರ್ಷ ಬಾಳುತ್ತದೆ ಎಂಬುದು ಅದರ ತಾತ್ಪರ್ಯ. ತಿರುಗಿಸಿ ಹೇಳಿದರೆ, ವರ್ಷದ ಖರ್ಚಿನ ಇಪ್ಪತ್ತೈದು ಪಾಲು ಕೈಯಲ್ಲಿರಬೇಕು. ತಿಂಗಳಿಗೆ ೨೫,೦೦೦ ರೂಪಾಯಿ ಖರ್ಚಿನ ಮನೆಗೆ ವರ್ಷಕ್ಕೆ ೩ ಲಕ್ಷ. ಅದರ ಇಪ್ಪತ್ತೈದು ಪಾಲು ಎಂದರೆ ೭೫ ಲಕ್ಷ.

ಇದನ್ನು ಕೇಳಿ ನೀವು ಪತ್ರಿಕೆಯನ್ನು ಮಡಚಿಡಬೇಡಿ. ಈ ಲೆಕ್ಕದಲ್ಲಿ ಸಂಬಳದ ಮಾತೇ ಬರಲಿಲ್ಲ. ಬಂದದ್ದು ಖರ್ಚು ಮಾತ್ರ. ತಿಂಗಳಿಗೆ ೨,೦೦೦ ರೂಪಾಯಿ ಕಡಿಮೆ ಖರ್ಚಿನಲ್ಲಿ ಬದುಕಲು ಕಲಿತ ಮನೆಗೆ ಬೇಕಾದ ಗಂಟು ೬ ಲಕ್ಷದಷ್ಟು ತಗ್ಗುತ್ತದೆ. ಅದೇ ೨,೦೦೦ ರೂಪಾಯಿ ತಿಂಗಳು ತಿಂಗಳು ಗಂಟಿಗೂ ಸೇರುತ್ತದೆ. ಸಂಬಳ ಹೆಚ್ಚಿದರೆ ಒಂದೇ ಕಡೆ ಲಾಭ. ಖರ್ಚು ತಗ್ಗಿದರೆ ಎರಡು ಕಡೆ ಲಾಭ. ನಮ್ಮ ಗಣಿತದ ಮಾಸ್ತರರು ಇದನ್ನು ಇನ್ನೂ ಸುಲಭ ಮಾಡಿ ಹೇಳಿದರು. ಬಡ್ಡಿಯ ಮಾತನ್ನು ಬಿಟ್ಟುಬಿಡಿ. ನೂರು ರೂಪಾಯಿ ಗಳಿಸಿ ಹತ್ತು ಉಳಿಸುವವನು ಒಂದು ವರ್ಷದ ಅನ್ನವನ್ನು ಕೂಡಿಡಲು ಒಂಬತ್ತು ವರ್ಷ ದುಡಿಯಬೇಕು. ಇಪ್ಪತ್ತೈದು ಉಳಿಸುವವನಿಗೆ ಮೂರು ವರ್ಷ ಸಾಕು. ಐವತ್ತು ಉಳಿಸಬಲ್ಲವನು ಒಂದು ವರ್ಷ ದುಡಿದು ಒಂದು ವರ್ಷದ ಬಿಡುವನ್ನು ಕೊಳ್ಳುತ್ತಾನೆ. ಎಲ್ಲ ಮನೆಗಳಿಗೂ ಅರ್ಧ ಉಳಿಸುವುದು ಸಾಧ್ಯವೆಂದು ನಾನು ಹೇಳಲಾರೆ. ಮಕ್ಕಳ ಓದು, ತಂದೆತಾಯಿಗಳ ಔಷಧಿ, ಮನೆಯ ಬಾಡಿಗೆ ಇರುವಲ್ಲಿ ಹತ್ತು ಉಳಿದರೂ ದೊಡ್ಡದೇ. ಆದರೆ ನಿಮ್ಮ ಮನೆಯ ಅಂಕ ಯಾವುದೆಂಬುದನ್ನು ನೀವು ತಿಳಿದಿರಬೇಕು.

ಇನ್ನು ಈ ಸೂತ್ರದ ಮಿತಿಯನ್ನೂ ಹೇಳದಿದ್ದರೆ ತಪ್ಪಾದೀತು. ಅದು ಪರದೇಶದ ಮಾರುಕಟ್ಟೆಯ ಅನುಭವ. ಅದರ ಅವಧಿ ಮೂವತ್ತು ವರ್ಷ. ನಲವತ್ತೈದಕ್ಕೆ ಬಿಟ್ಟವನು ಎಂಬತ್ತೈದರವರೆಗೆ ಬಾಳಿದರೆ ನಲವತ್ತು ವರ್ಷ ಉಣ್ಣಬೇಕು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ಇಮ್ಮಡಿಯಾಗುತ್ತದೆ. ಇಂದಿನ ೨೫,೦೦೦ ರೂಪಾಯಿಯ ಸಂಸಾರಕ್ಕೆ ಹನ್ನೆರಡು ವರ್ಷದ ಮೇಲೆ ೫೦,೦೦೦, ಇಪ್ಪತ್ತನಾಲ್ಕು ವರ್ಷದ ಮೇಲೆ ಒಂದು ಲಕ್ಷ ಬೇಕಾಗುತ್ತದೆ. ಆದುದರಿಂದ ನಮ್ಮಲ್ಲಿ ಮೂವತ್ತು, ಮೂವತ್ತೈದು ಪಾಲು ಎಂದು ಎಣಿಸಿಕೊಳ್ಳುವುದೇ ಕ್ಷೇಮವೆಂದು ನನಗೆ ತೋರುತ್ತದೆ.

ಬಡ್ಡಿಯನ್ನು ನಂಬಿ ಕುಳಿತವರ ಪಾಡು ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ೨೦೦೦-೨೦೦೧ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿಯ ಯೋಜನೆಯನ್ನು ತಂದವು. ಹದಿನೈದು ವರ್ಷ ಸೇವೆ ಮಾಡಿದವರಿಗೆ ಅಥವಾ ನಲವತ್ತು ವರ್ಷ ವಯಸ್ಸಾದವರಿಗೆ, ಸೇವೆಯ ಪ್ರತಿ ವರ್ಷಕ್ಕೂ ಅರವತ್ತು ದಿನಗಳ ಸಂಬಳದಂತೆ, ಉಳಿದ ಅವಧಿಯ ಸಂಬಳವನ್ನು ಮೀರದ ಹಾಗೆ, ಪರಿಹಾರ ಧನವನ್ನು ಕೊಡಲಾಯಿತು. ದೇಶದಲ್ಲಿ ಒಂದು ಲಕ್ಷದಷ್ಟು ಮಂದಿ ನೌಕರಿ ಬಿಟ್ಟರು. ಬ್ಯಾಂಕುಗಳ ತವರೆನಿಸಿದ ನಮ್ಮ ಕರ್ನಾಟಕದಲ್ಲಿ ಇದು ಎಷ್ಟೋ ಮನೆಗಳ ಕಥೆ. ಆಗ ಬ್ಯಾಂಕಿನ ಠೇವಣಿಗೆ ನೂರಕ್ಕೆ ಒಂಬತ್ತು, ಹತ್ತು ರೂಪಾಯಿ ಬಡ್ಡಿ ಬರುತ್ತಿತ್ತು. ೨೦೦೩-೨೦೦೪ರ ಹೊತ್ತಿಗೆ ಅದು ಐದು, ಐದೂವರೆಗೆ ಇಳಿಯಿತು. ಲಕ್ಷಕ್ಕೆ ಹತ್ತು ಸಾವಿರ ಬರುವುದೆಂದು ಸಂಸಾರ ಹೂಡಿದವರ ಕೈಗೆ ಐದೂವರೆ ಸಾವಿರ ಬಂದಿತು. ಬೇಳೆಯ ಬೆಲೆ ಮಾತ್ರ ಇಳಿಯಲಿಲ್ಲ. ಬಿಟ್ಟದ್ದೇ ತಪ್ಪೆಂದು ಇದರ ಅರ್ಥವಲ್ಲ. ಎಲ್ಲ ಕಾಳನ್ನೂ ಒಂದೇ ಹಗೇವಿಗೆ ಸುರಿಯಬಾರದು, ಈ ವರ್ಷದ ಬಡ್ಡಿಯನ್ನು ಎಂದೆಂದಿಗೂ ಇರುವ ಬಡ್ಡಿಯೆಂದು ತಿಳಿಯಬಾರದು ಎಂಬಷ್ಟೇ ಪಾಠ.

ಲೆಕ್ಕದ ಹಾಳೆಯಲ್ಲಿ ಕಾಣದ ಖರ್ಚುಗಳೂ ಇವೆ. ರೋಗ ಹೇಳಿ ಕೇಳಿ ಬರುವುದಿಲ್ಲ. ನೌಕರಿಯ ಜೊತೆಗಿದ್ದ ಚಿಕಿತ್ಸೆಯ ಸೌಲಭ್ಯ ನೌಕರಿ ಬಿಟ್ಟ ಮೇಲೂ ಇರುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಇಲ್ಲವಾದರೆ ಆರೋಗ್ಯ ವಿಮೆಯನ್ನು ಮೈಯಲ್ಲಿ ಶಕ್ತಿಯಿರುವಾಗಲೇ ಮಾಡಿಸಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಬಂಧುಬಳಗದ ಮಾತು. ನನ್ನ ಮಿತ್ರರೊಬ್ಬರು ಐವತ್ತೊಂದಕ್ಕೆ ಸ್ವಯಂ ನಿವೃತ್ತಿ ಪಡೆದರು. ದುಡ್ಡು ಕೈಗೆ ಬಂದ ಸುದ್ದಿ ಅವರಿಗಿಂತ ಮೊದಲು ಊರಿಗೆ ಮುಟ್ಟಿತ್ತು. ಹತ್ತಿರದ ಸಂಬಂಧಿಯ ವ್ಯಾಪಾರಕ್ಕೆಂದು ಅದರಲ್ಲಿ ಮುಕ್ಕಾಲು ಪಾಲನ್ನು ಕೊಟ್ಟರು. ವ್ಯಾಪಾರ ಎರಡು ವರ್ಷ ನಡೆಯಿತು. ಈಗ ಸಂಬಂಧಿಯೂ ಮನೆಗೆ ಬರುವುದಿಲ್ಲ, ಹಣವೂ ಬರುವುದಿಲ್ಲ; ಮಿತ್ರರು ಗಂಗಾವತಿಯಲ್ಲಿ ಮನೆಪಾಠ ಹೇಳಿ ದಿನ ದೂಡುತ್ತಿದ್ದಾರೆ. ರೈತ ಎಂಥ ಹಸಿವಿನಲ್ಲೂ ಬಿತ್ತುವ ಬೀಜವನ್ನು ಕುಟ್ಟಿ ತಿನ್ನುವುದಿಲ್ಲ. ಕೊಡುವುದು ಧರ್ಮ, ನಿಜ. ಆದರೆ ಕೊಡುವ ಕಾಳು ಬೇರೆ, ಬೀಜದ ಕಾಳು ಬೇರೆ.

ಇಲ್ಲಿಯವರೆಗೆ ಲೆಕ್ಕದ ಮಾತಾಯಿತು. ಇನ್ನು ಪಂಡಿತನಾದ ನನ್ನ ಪಾಲಿನ ಶಬ್ದದ ಮಾತು. 'ನಿವೃತ್ತಿ' ಎಂದರೆ ಹಿಂದಿರುಗುವುದು. ಅದರ ಎದುರುಶಬ್ದ 'ಪ್ರವೃತ್ತಿ', ಎಂದರೆ ಒಂದರಲ್ಲಿ ತೊಡಗುವುದು. ಒಂದರಿಂದ ಹಿಂದಿರುಗಿದವನು ಇನ್ನೊಂದರಲ್ಲಿ ತೊಡಗದಿದ್ದರೆ ನಡುಬೀದಿಯಲ್ಲಿ ನಿಂತಂತಾಗುತ್ತದೆ. ನನ್ನ ಅರ್ಜಿಯ ವಿಷಯ ತಿಳಿದ ದಿನ ಮನೆಯವರು ಹಣದ ಮಾತನ್ನೇ ಎತ್ತಲಿಲ್ಲ. "ನೌಕ್ರಿ ಬಿಟ್ಟು ದಿನಾ ಮುಂಜಾನಿ ಹತ್ತಕ್ಕ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದರು. ಹಳಗನ್ನಡ ವ್ಯಾಕರಣವನ್ನು ಅರೆದು ಕುಡಿದ ನನಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆಗೆ ಉತ್ತರವಿದ್ದವರನ್ನು ನೋಡಬೇಕೆಂದರೆ ವಿಶ್ವೇಶ್ವರಯ್ಯನವರನ್ನು ನೆನೆಯಬೇಕು. ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು, ಭಾರತೀಯರಿಗೆ ಮೇಲಿನ ಹುದ್ದೆ ದೊರೆಯುವ ಆಸೆಯಿಲ್ಲದ ಆ ಕಾಲದಲ್ಲಿ, ೧೯೦೮ರಲ್ಲಿ ಅವಧಿಗೆ ಮುಂಚೆಯೇ ನಿವೃತ್ತರಾದರು. ಆಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಹಾಳುಮಾಡಿತು. ಆಗ ನಮ್ಮ ಕೊಪ್ಪಳ ಸೀಮೆಯೂ ಸೇರಿದ್ದ ಆ ಸಂಸ್ಥಾನದ ಕರೆ, ವಿದೇಶ ಪ್ರವಾಸದಲ್ಲಿದ್ದ ಅವರಿಗೆ ಮುಟ್ಟಿತು. ೧೯೦೯ರಲ್ಲಿ ಹೈದರಾಬಾದಿಗೆ ಬಂದು ನೆರೆಯನ್ನು ತಡೆಯುವ ಯೋಜನೆಯನ್ನು ರೂಪಿಸಿದರು. ಅದೇ ವರ್ಷ ಮೈಸೂರಿನ ಮುಖ್ಯ ಎಂಜಿನಿಯರಾದರು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಕಟ್ಟೆ ಅವರು ನಿವೃತ್ತರಾದ ಮೇಲಿನ ಕೆಲಸ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಅವರು ಬಿಟ್ಟದ್ದು ಒಂದು ಹುದ್ದೆಯನ್ನು, ಕಾಯಕವನ್ನಲ್ಲ.

ಎಲ್ಲರೂ ವಿಶ್ವೇಶ್ವರಯ್ಯನವರಾಗಲು ಸಾಧ್ಯವಿಲ್ಲವಷ್ಟೆ. ನಮ್ಮಂಥವರು ಏನು ಮಾಡಬೇಕು? ಇದಕ್ಕೂ ಹಗೇವಿನಲ್ಲೇ ಒಂದು ಉಪಾಯವಿದೆ. ಹಗೇವಿನ ಬಾಯಿಯನ್ನು ತೆರೆದ ಕೂಡಲೆ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಪ್ರಾಣ ಹೋಗುವ ಭಯವಿತ್ತು. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ಕಂದೀಲನ್ನು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನೌಕರಿ ಬಿಡುವವನೂ ಹೀಗೆಯೇ ಮೊದಲು ದೀಪ ಇಳಿಸಿ ನೋಡಬೇಕು. ಒಂದು ಬೇಸಗೆಯ ರಜೆಯಲ್ಲಿ ನಾನು ಅದನ್ನು ಮಾಡಿದೆ. ನಿವೃತ್ತನೆಂದೇ ಭಾವಿಸಿ, ಪಿಂಚಣಿಯಾಗಿ ಬರಬಹುದಾದಷ್ಟೇ ಹಣದಲ್ಲಿ ಮನೆ ನಡೆಸಲು ಹೊರಟೆ. ಹಣ ಸಾಲದೆ ಹೋಗಲಿಲ್ಲ. ಮೊದಲ ವಾರ ಸ್ವರ್ಗ. ಎರಡನೆಯ ವಾರ ರೇಡಿಯೋ ಹಚ್ಚುವುದು, ಆರಿಸುವುದು. ಮೂರನೆಯ ವಾರ ಅಡುಗೆಯ ಒಗ್ಗರಣೆಯಲ್ಲಿ ತಪ್ಪು ಹುಡುಕತೊಡಗಿದೆ. ನಾಲ್ಕನೆಯ ವಾರ ಮನೆಯವರೇ ನನ್ನನ್ನು ಗುಡಿಯ ಕಟ್ಟೆಗೆ ಅಟ್ಟಿದರು. ಅಲ್ಲಿ ನಾಲ್ಕು ಹುಡುಗರನ್ನು ಕೂಡಿಸಿಕೊಂಡು ಸಂಜೆ ಕುಮಾರವ್ಯಾಸ ಭಾರತವನ್ನು ಓದಿ ಅರ್ಥ ಹೇಳತೊಡಗಿದೆ. ರಜೆ ಮುಗಿಯುವ ವೇಳೆಗೆ ಹುಡುಗರು ಹನ್ನೊಂದಾಗಿದ್ದರು. ಅವರ ಅಜ್ಜಂದಿರೂ ಬಂದು ಕುಳಿತಿದ್ದರು. ನನಗೆ ಬೇಸರವಿದ್ದದ್ದು ಪಾಠ ಹೇಳುವುದರಲ್ಲಿ ಅಲ್ಲ, ಅದರ ಸುತ್ತಲಿನ ಕಾಗದಪತ್ರಗಳಲ್ಲಿ ಎಂಬುದು ಅಂದು ತಿಳಿಯಿತು. ಅರ್ಜಿ ಕೊಟ್ಟುಬಿಟ್ಟಿದ್ದರೆ ಎರಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದೆ.

ನಮ್ಮ ಗಣಿತದ ಮಾಸ್ತರರಿಗೆ ನಾನು ಬೇಡವೆನ್ನಲಿಲ್ಲ. ಅವರು ಉಳಿಸಲಿ, ಹಗೇವು ತುಂಬಲಿ. ನಲವತ್ತೈದಕ್ಕೆ ಅವರ ಮನಸ್ಸು ಏನು ಹೇಳುವುದೋ ಅದನ್ನು ಅಂದು ಕೇಳಲಿ. ತುಂಬಿದ ಹಗೇವಿನ ಒಡೆಯ ಗುಳೆ ಹೋಗಲೂಬಹುದು, ಊರಲ್ಲೇ ಇರಲೂಬಹುದು; ಬರಿದಾದವನಿಗೆ ಆ ಆಯ್ಕೆ ಇಲ್ಲ. ನೌಕರಿಯಲ್ಲಿ ಮುಂದುವರಿದರೂ ತಲೆ ತಗ್ಗಿಸದೆ, ಅಂಜದೆ ಮುಂದುವರಿಯುವ ಧೈರ್ಯವನ್ನು ಅದು ಕೊಡುತ್ತದೆ.

ಓದುಗರೇ, ಇಂದು ರಾತ್ರಿ ವಾರ್ತೆಗಳು ಮುಗಿದ ಮೇಲೆ ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು, ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಮನೆಗೆ ತಗುಲಿದ ಖರ್ಚನ್ನು ಮನೆಯವರೆಲ್ಲ ಕೂಡಿ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು ಬಿಡಿ: ಮುಂಜಾನೆ ಹತ್ತಕ್ಕೆ ಎಲ್ಲಿಗೆ? ಎರಡಕ್ಕೂ ಉತ್ತರ ಬರೆಯಬಲ್ಲವರು ಯಾವ ವಯಸ್ಸಿನಲ್ಲಿ ಬಿಟ್ಟರೂ ಚಿಂತೆಯಿಲ್ಲ. ನನ್ನ ಅರ್ಜಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದಕ್ಕೆ ತಾರೀಖು ಹಾಕಿಲ್ಲ. ಇನ್ನು ಮೂರು ವರ್ಷಕ್ಕೆ ಅದರ ಅಗತ್ಯವೂ ಇರುವುದಿಲ್ಲ. ಕಟ್ಟೆಯ ಮೇಲಿನ ಭಾರತ ಮಾತ್ರ ಈಗ ಉದ್ಯೋಗಪರ್ವಕ್ಕೆ ಬಂದಿದೆ.