ಮಸಿಗೆರೆಯ ಚಿತ್ರ: ನಕಲೋ, ಪರಂಪರೆಯೋ?

ಕುಂಸಿ: ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕಾಗದವೊಂದು ದೊರೆತಿದೆ ಎಂದಿಟ್ಟುಕೊಳ್ಳಿ. ಬಣ್ಣವಿಲ್ಲ, ಸಹಿಯಿಲ್ಲ, ಕಪ್ಪು ಮಸಿಯ ಗೆರೆಗಳಲ್ಲಿ ಮೂಡಿದ ಲಕ್ಷ್ಮಿ ಮಾತ್ರ. ಗೋಡೆಯ ಪಟದಲ್ಲಿರುವ ಭಂಗಿಯೇ ಇಲ್ಲಿಯೂ ಇದೆ. ನಕಲೆಂದು ಅದನ್ನು ರದ್ದಿಗೆ ಹಾಕುವುದು ಸುಲಭ. ಆದರೆ ಹಾಗೆ ಮಾಡಿದರೆ ಕಳೆದುಹೋಗುವುದು ಬರಿಯ ಕಾಗದವಲ್ಲ.

ಭಂಗಿಗಳನ್ನು ಹಿಂದಿನವರಿಂದ ಪಡೆಯುವುದು ನಮ್ಮ ಕಲೆಯ ಕ್ರಮವೇ ಆಗಿತ್ತು. ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ಮುದ್ರೆ ಎಂಬುದನ್ನು ಧ್ಯಾನಶ್ಲೋಕಗಳು ಹೇಳುತ್ತವೆ. ಮೇಲೆತ್ತಿದ ಅಂಗೈ ಅಭಯ. ಕೆಳಗೆ ಚಾಚಿದ ಅಂಗೈ ವರದ. 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ಲಕ್ಷಣಗಳನ್ನು ಚಿತ್ರಸಹಿತವಾಗಿ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಾಗಿ ಸಂಕಲಿಸಿದರು. ಅದರಲ್ಲಿ 122 ಯೋಗಾಸನಗಳ ಚಿತ್ರಗಳೂ ಇವೆ.

ಮೈಸೂರು ಶೈಲಿಯ ಕಲಾವಿದರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲು ಕರಡು ಬರೆಯುತ್ತಿದ್ದರು. ಬಣ್ಣ, ಚಿನ್ನದ ರೇಕು ಬರುವುದು ಆಮೇಲೆ. ಬಣ್ಣ ತುಂಬಿದ ಪಟದಲ್ಲಿ ಮರೆಯಾಗುವ ಕೈಯ ಚಲನೆ ಬರಿಯ ರೇಖೆಯಲ್ಲಿ ಎದ್ದು ಕಾಣುತ್ತದೆ.

ಯುರೋಪಿನಲ್ಲಿಯೂ ಇದೇ ರೂಢಿ ಇತ್ತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಲೇಖನಿಯಿಂದ ಬರೆದ ಅಪೊಲೊ ಚಿತ್ರದಲ್ಲಿಯೂ, 1504ರ ಮುದ್ರಿತ ಚಿತ್ರದ ಆದಮನಲ್ಲಿಯೂ ರೋಮಿನ ಪ್ರಾಚೀನ ಅಪೊಲೊ ಶಿಲ್ಪದ ನಿಲುವನ್ನು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಹಳೆಯ ದೇವರ ನಿಲುವು ಹೊಸ ಕಥೆಯ ಮನುಷ್ಯನಿಗೆ ಬಂದಿತ್ತು. ಅದನ್ನು ಯಾರೂ ಕಳ್ಳತನವೆನ್ನಲಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಕುಂಸಿಯಿಂದ ಸಾಗರದ ದಾರಿ ಹಿಡಿದು ಕೆಳದಿಗೆ ಹೋದರೆ ರಾಮೇಶ್ವರ ದೇಗುಲದಲ್ಲಿಯೂ ಗಂಡಭೇರುಂಡದ ಕೆತ್ತನೆ ಕಾಣಸಿಗುತ್ತದೆ. ಅದೇ ರೂಪ ಮೈಸೂರು ಅರಸರ ಲಾಂಛನವಾಯಿತು. ಇಂದು ರಾಜ್ಯ ಸರ್ಕಾರದ ಮುದ್ರೆಯಲ್ಲಿದೆ. ಪ್ರತಿ ಕಾಲವೂ ಅದನ್ನು ತನ್ನಂತೆ ತಿದ್ದಿಕೊಂಡಿದೆ.

ಆದ್ದರಿಂದ ಮಸಿಚಿತ್ರವನ್ನು ನೋಡುವಾಗ ಎರಡು ಪ್ರಶ್ನೆಗಳು ಸಾಕು: ಭಂಗಿ ಎಲ್ಲಿಂದ ಬಂತು? ಈ ಕೈ ಅದರಲ್ಲಿ ಏನನ್ನು ಬದಲಿಸಿತು? ಅಳಿಸಿ ಮತ್ತೆ ಎಳೆದ ಬೆರಳು, ತುಸು ಬಾಗಿದ ಕತ್ತು, ಇವುಗಳಲ್ಲಿಯೇ ಹೆಸರಿಲ್ಲದ ಕಲಾವಿದನ ಗುರುತು ಉಳಿದಿರುತ್ತದೆ.

ಅಂತಹ ಹಾಳೆ ದೊರೆತರೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಲು, ತೇವ ತಾಗದಂತೆ ಚಪ್ಪಟೆಯಾಗಿಡಿ. ಬರೆದವರು ಯಾರೆಂದು ಮನೆಯ ಹಿರಿಯರನ್ನು ಇಂದೇ ಕೇಳಿ ಬರೆದಿಡಿ. ಆ ನೆನಪು ಕಾಗದಕ್ಕಿಂತ ಬೇಗ ಅಳಿಯುತ್ತದೆ.