ಇಂಗದ ನೆಲಕ್ಕೆ ಇಂಗುಗುಂಡಿ ಏಕೆ?

ಧಾರವಾಡ ಜಿಲ್ಲೆಯ ಮೇಲೆ ಸುರಿದ ಮಳೆ ಎರಡು ಕಡಲಿಗೆ ಪಾಲಾಗುತ್ತದೆ. ಕಲಘಟಗಿಯ ನೀರು ಬೇಡ್ತಿ ಹಿಡಿದು, ಮುಂದೆ ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ನೀರು ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಲ್ಲಿ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನೀರಿನ ದಾರಿ ಬದಲಾಗುವಂತೆ ನೆಲವೂ ಬದಲಾಗುತ್ತದೆ. ಪಶ್ಚಿಮದಲ್ಲಿ ಮಲೆನಾಡಿನ ಸೆರಗಿನ ಕೆಂಪು ಮಸಾರಿ, ಪೂರ್ವದಲ್ಲಿ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಆದರೆ ಊರೊಳಗಿನ ಮಳೆನೀರಿಗೆ ಏನು ಮಾಡೋಣ ಎಂದು ಕೇಳಿದರೆ ಎರಡೂ ಕಡೆ ಬರುವ ಉತ್ತರ ಒಂದೇ: ಕಾಂಕ್ರೀಟ್ ಗಟಾರ, ಇಲ್ಲವೇ ಇಂಗುಗುಂಡಿ.

ಗಟಾರದ ತೊಂದರೆ ಈಗ ಎಲ್ಲರಿಗೂ ಕಾಣುತ್ತಿದೆ. ಅದು ನೀರನ್ನು ಬೇಗ ಸಾಗಹಾಕುತ್ತದೆ ನಿಜ. ಆದರೆ ಎಲ್ಲ ಊರಿನ ಗಟಾರಗಳೂ ಒಂದೇ ತಾಸಿನಲ್ಲಿ ನೀರು ಸಾಗಹಾಕಿದರೆ ಕೆಳಗಿನ ಹಳ್ಳ ಅದನ್ನು ಎಲ್ಲಿ ಹಿಡಿದಿಟ್ಟೀತು? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳದ ದಂಡೆಯ ಊರುಗಳು ಕಂಡದ್ದು ದೊಡ್ಡ ಮಳೆಯ ನೆರೆ. ಅದಕ್ಕೆ ಊರೊಳಗಿನ ಗಟಾರಗಳೇ ಕಾರಣ ಎನ್ನಲಾಗದು. ಆದರೆ ಪ್ರತಿ ಊರೂ ತನ್ನ ನೀರನ್ನು ಅವಸರದಿಂದ ಹೊರದೂಡುವ ಪದ್ಧತಿ ಹಳ್ಳದ ಹೊರೆಯನ್ನು ಕಡಿಮೆ ಮಾಡುವುದಿಲ್ಲ ಎಂಬುದಂತೂ ಖಚಿತ.

ಇದಕ್ಕೆ ಬದಲಾಗಿ ನೀರು ಬಿದ್ದಲ್ಲೇ ಅದನ್ನು ತಡೆದು, ನಿಧಾನಿಸಿ, ಸೋಸಿ ಬಿಡುವ ಪದ್ಧತಿಯೊಂದು 1990ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ರೂಪುಗೊಂಡಿತು. ದೊಡ್ಡ ಕೊಳವೆ, ದೊಡ್ಡ ಕಾಲುವೆಗಳ ಬದಲು ಮನೆಯಂಗಳದಲ್ಲಿ ತಗ್ಗಾದ ಹೂದೋಟ, ರಸ್ತೆ ಪಕ್ಕ ಹುಲ್ಲುಗಾಲುವೆ, ನೀರು ಹೀರುವ ನೆಲಹಾಸು, ಇಂಗುಗುಂಡಿ. ಖರ್ಚು ಕಡಿಮೆ, ಕೈಯಾಳುಗಳಿಂದಲೇ ಆಗುವ ಕೆಲಸ. ಸಣ್ಣ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಇದರಲ್ಲಿ ಬಹುಪಾಲು ಉಪಾಯಗಳು ನೆಲ ನೀರು ಕುಡಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ನವಲಗುಂದದ ಎರೆ ಆ ನಂಬಿಕೆಯನ್ನು ಅರ್ಧ ಮಳೆಗಾಲದಲ್ಲೇ ಸುಳ್ಳು ಮಾಡುತ್ತದೆ.

ಕಾರಣ ಮಣ್ಣಿನ ಕಣದೊಳಗಿದೆ. ಎರೆಯಲ್ಲಿ ತುಂಬಿರುವುದು ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಅದರ ಹರಳು ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಪದರಗಳದ್ದು. ಒಂದರ ಮೇಲೊಂದು ಪೇರಿಸಿಟ್ಟ ಕಟಕ ರೊಟ್ಟಿಯ ಹಾಗೆ. ಪದರಗಳ ನಡುವಿನ ಹಿಡಿತ ಸಡಿಲ. ಅಲ್ಲಿಗೆ ನೀರು ನುಗ್ಗಿ ಪದರಗಳನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಪದರಗಳು ಮತ್ತೆ ಹತ್ತಿರ ಬಂದು ಮಣ್ಣು ಕುಗ್ಗಿ, ಹೊಲ ತುಂಬ ಬಿರುಕು ಬಿಡುತ್ತದೆ. ಕೆಲವು ಬಿರುಕುಗಳು ಮೂರಡಿಗೂ ಹೆಚ್ಚು ಆಳ.

ಏಪ್ರಿಲ್‌ನಲ್ಲಿ ಅಂಥ ನೆಲದಲ್ಲಿ ಎರಡಡಿ ಗುಂಡಿ ತೋಡಿ ಎರಡು ಕೊಡ ನೀರು ಸುರಿದು ನೋಡಿ. ನೀರು ಗಟಗಟನೆ ಮಾಯವಾಗುತ್ತದೆ. ನೋಡಿದವರು ‘ಇದಕ್ಕಿಂತ ಚಲೋ ಇಂಗುವ ನೆಲ ಎಲ್ಲಿ ಸಿಕ್ಕೀತು’ ಎನ್ನುತ್ತಾರೆ. ಆದರೆ ನೀರು ಹೋದದ್ದು ಬಿರುಕಿನೊಳಕ್ಕೆ, ಮಣ್ಣಿನೊಳಕ್ಕಲ್ಲ. ಮುಂಗಾರಿನ ನಾಲ್ಕಾರು ಹದಮಳೆ ಬಿದ್ದ ಮೇಲೆ ಪದರಗಳು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತವೆ. ಅದೇ ಗುಂಡಿಗೆ ಸೆಪ್ಟೆಂಬರ್‌ನಲ್ಲಿ ನೀರು ತುಂಬಿಸಿದರೆ ಮರುದಿನವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೂರ್ತಿ ತೊಯ್ದ ಆಳವಾದ ಎರೆ ತಾಸಿಗೆ ಒಂದು ಮಿಲಿಮೀಟರ್ ನೀರನ್ನೂ ಒಳಬಿಡದೆ ಕೂರಬಲ್ಲದು. ಮರಳುಮಿಶ್ರಿತ ಕೆಂಪು ಮಣ್ಣಾದರೆ ತೊಯ್ದ ಮೇಲೂ ತಾಸಿಗೆ 20 ಮಿಲಿಮೀಟರ್‌ನಷ್ಟು ಕುಡಿಯುತ್ತದೆ. ನವಲಗುಂದ ಭಾಗದಲ್ಲಿ ಜೋರು ಮಳೆ ಹೆಚ್ಚಾಗಿ ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ, ಅಂದರೆ ಮಣ್ಣು ಬಾಯಿ ಮುಚ್ಚಿದ ಮೇಲೆ.

ಈ ಪಾಠ ಹೊಸದೇನಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ, 1942ರ ಭೂಸುಧಾರಣಾ ಕಾಯ್ದೆಯ ನಂತರ, ಈ ಸೀಮೆಯಲ್ಲಿ ಸಮಪಾತಳಿ ಒಡ್ಡುಗಳ ಕೆಲಸಕ್ಕೆ ಬಲ ಬಂತು. ಆಳವಾದ ಎರೆಯಲ್ಲಿ ಇಂಥ ಒಡ್ಡಿನ ಹಿಂದೆ ನೀರು ವಾರಗಟ್ಟಲೆ ನಿಂತು ಬೆಳೆ ಕೊಳೆಯಿಸುತ್ತದೆ; ಬೇಸಿಗೆಯಲ್ಲಿ ಒಡ್ಡೇ ಬಿರಿದು, ಮುಂದಿನ ಮಳೆಗೆ ಆ ಬಿರುಕಿನಲ್ಲೇ ಕಿತ್ತುಹೋಗುತ್ತದೆ. 1954ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆಭೂಮಿಗೆ ಬೇರೆ ದಾರಿ ಹೇಳಿತು. ಒಡ್ಡಿಗೆ ಅತಿ ಸಣ್ಣ ಇಳಿಜಾರು ಕೊಡಿ. ನೀರು ನಿಲ್ಲದೆ, ಓಡದೆ, ಪಕ್ಕಕ್ಕೆ ನಡೆದು ಹುಲ್ಲು ಬೆಳೆದ ಕಾಲುವೆಗೆ ಇಳಿಯಲಿ. ಕೊನೆಯಲ್ಲಿ ಹೊಂಡದಲ್ಲಿ ಕೂಡಲಿ. ಹೊಲಕ್ಕೆ ಹೇಳಿದ ಈ ಸೂತ್ರವೇ ಊರಿಗೂ ಒಪ್ಪುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 20 ಎಕರೆ ಹರಡಿದ ಊರಿನ ಮೇಲೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಬಿದ್ದರೆ ಸುಮಾರು 40 ಲಕ್ಷ ಲೀಟರ್ ಆಯಿತು. ಮಾಳಿಗೆ, ತಗಡು, ಸಿ.ಸಿ. ರಸ್ತೆ, ತೊಯ್ದ ಹಿತ್ತಲು ಎಲ್ಲ ಸೇರಿ ಅದರಲ್ಲಿ ಶೇ 60ರಷ್ಟು ಹರಿದುಬಂತು ಎನ್ನಿ: 24 ಲಕ್ಷ ಲೀಟರ್. ತಾಸಿನೊಳಗೆ ಅದು ಹೊರಹೋಗಬೇಕಾದರೆ ಸೆಕೆಂಡಿಗೆ 660 ಲೀಟರ್‌ಗಿಂತ ಹೆಚ್ಚು. ಒಂದಡಿ ಅಗಲ, ಒಂದೂವರೆ ಅಡಿ ಆಳದ ಗಟಾರ ತುಂಬಿ ಹರಿದರೂ ಸಾಗಿಸುವುದು ಸೆಕೆಂಡಿಗೆ 200 ಲೀಟರ್ ಆಸುಪಾಸು. ಮೂರು ಗಟಾರ ಬೇಕು. ಅದೇ ನೀರು ಮೂರು ತಾಸಿನಲ್ಲಿ ಹಂಚಿ ಬಂದರೆ ಹೆಚ್ಚುಕಡಿಮೆ ಒಂದೇ ಸಾಕು. ಇಂಗಿಸಲಾಗದ ನೆಲದಲ್ಲಿ ನಮ್ಮ ಕೈಯಲ್ಲಿರುವುದು ಸಮಯ ಮಾತ್ರ; ನೀರು ಬರುವ ಹೊತ್ತನ್ನು ಹಿಗ್ಗಿಸುವುದೇ ವಿನ್ಯಾಸದ ಮೊದಲ ಕೆಲಸ.

ಅದು ಮಾಳಿಗೆಯಿಂದಲೇ ಶುರುವಾಗಬೇಕು. 30×40 ಅಡಿಯ ಮನೆಯೊಂದರ ಮೇಲೆ ಇಂಥ ಮಳೆಗೆ ಐದೂವರೆ ಸಾವಿರ ಲೀಟರ್ ಬೀಳುತ್ತದೆ. ಹರನಾಳಿಗೆಗೆ ಪೈಪು ಕೂಡಿಸಿ, ಮೊದಲ ಮಳೆಯ ಕೊಳೆ ಬಿಟ್ಟು, ಉಳಿದದ್ದನ್ನು ತೊಟ್ಟಿಗೆ ತುಂಬಿದರೆ ಗಟಾರದ ಭಾರ ಇಳಿಯುತ್ತದೆ. ಅಂತರ್ಜಲ ಸವುಳಾಗಿರುವ ಈ ಸೀಮೆಯಲ್ಲಿ ಮಾಳಿಗೆ ನೀರಿಗಿಂತ ಸಿಹಿನೀರು ಮನೆ ಹತ್ತಿರ ಸಿಗುವುದಿಲ್ಲ. ಒಂದು ಎಚ್ಚರ ಬೇಕು: ಎರೆಯಲ್ಲಿ ಗೋಡೆಗೆ ತಗುಲಿಸಿ ಇಂಗುಗುಂಡಿ ಮಾಡಕೂಡದು. ಬುನಾದಿಯ ಒಂದು ಬದಿಯ ಮಣ್ಣು ಉಬ್ಬಿ, ಇನ್ನೊಂದು ಬದಿ ಒಣಗಿದ್ದರೆ ಗೋಡೆ ಸೀಳುತ್ತದೆ. ಗುಂಡಿ ಬೇಕೇಬೇಕೆಂದರೆ ಮನೆಯಿಂದ ದೂರ, ಅದೂ ಕೆಳಗಿನ ಗರಸು ಕೈಗೆಟಕುವಲ್ಲಿ ಮಾತ್ರ.

ಮುಂದಿನದು ಓಣಿ. ಹಳೆಯ ಸಿ.ಸಿ. ರಸ್ತೆ ಒಡೆಯದೆ ಅದರ ಮೇಲೇ ಇನ್ನೊಂದು ಪದರ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ತಗ್ಗಾಗುತ್ತದೆ, ಮಳೆನೀರು ಪಡಸಾಲೆಗೆ ಬರುತ್ತದೆ. ರಸ್ತೆಯ ಎತ್ತರ ಹೊಸ್ತಿಲಿಗಿಂತ ಕೆಳಗಿರಬೇಕೆಂಬ ಒಂದು ನಿಯಮ ಪಾಲಿಸಿದರೂ ಅರ್ಧ ತಂಟೆ ತೀರುತ್ತದೆ.

ಊರು ಮುಗಿಯುವಲ್ಲಿ ಗಟಾರವನ್ನು ನಿಲ್ಲಿಸಿ, ಅಗಲವಾದ, ಆಳ ಕಡಿಮೆಯ ಹುಲ್ಲುಗಾಲುವೆಗೆ ನೀರು ಬಿಡಬೇಕು. ಗರಿಕೆ ನೆಲ ಹಿಡಿಯುತ್ತದೆ, ಅಡ್ಡಸಾಲಾಗಿ ನೆಟ್ಟ ಲಾವಂಚ ವೇಗ ಮುರಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಬಹುಕಾಲದಿಂದ ಬದುವಿಗೆ ನೆಡುತ್ತಿದ್ದ ಲಾವಂಚವನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಬೇರೆ ದೇಶಗಳಿಗೂ ಶಿಫಾರಸು ಮಾಡಿದರು. ವೇಗ ಮುರಿಯುವುದರ ಫಲ ಊಹೆಗಿಂತ ದೊಡ್ಡದು. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕ ಅದರ ವೇಗದ ಆರನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಎತ್ತಬಲ್ಲ ತೂಕ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕಲ್ಲು, ಉಸುಕು ಕಾಲುವೆಯಲ್ಲೇ ಕೂರುತ್ತವೆ. ಎರೆಯ ನಯವಾದ ಜೇಡಿ ಮಾತ್ರ ಅಷ್ಟು ಬೇಗ ಕೂರದು. ಅದಕ್ಕೆ ಹೊಂಡದ ಬಾಯಲ್ಲಿ ಹೂಳುಗುಂಡಿಯೊಂದು ಬೇಕು. ವರ್ಷಕ್ಕೊಮ್ಮೆ ಅದನ್ನು ಎತ್ತದಿದ್ದರೆ ಇಡೀ ಹೊಂಡ ಎತ್ತುವ ಪಾಳಿ ಬರುತ್ತದೆ.

ಕೊನೆಯದು ಹೊಂಡ. ಇಲ್ಲಿ ಎರೆಯ ದೋಷವೇ ಗುಣ. ಇಂಗದ ಮಣ್ಣು ಸೋರುವುದೂ ಇಲ್ಲ, ಪ್ಲಾಸ್ಟಿಕ್ ಹಾಳೆಯ ಖರ್ಚಿಲ್ಲ. 2014ರಲ್ಲಿ ಬಂದ ರಾಜ್ಯದ ಕೃಷಿ ಭಾಗ್ಯ ಯೋಜನೆ, ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನ ಕೆಲಸಗಳಿಂದಾಗಿ ನವಲಗುಂದ ಕಡೆಯ ಹೊಲಗಳಲ್ಲಿ ಕೃಷಿ ಹೊಂಡ ಈಗ ಪರಿಚಿತ. ನೂರಡಿ ಉದ್ದ, ನೂರಡಿ ಅಗಲ, ಹನ್ನೆರಡಡಿ ಆಳ ತೋಡಿ, ಬದಿಗಳನ್ನು ಇಳಿಜಾರಾಗಿ ಬಿಟ್ಟರೆ ಸುಮಾರು 26 ಲಕ್ಷ ಲೀಟರ್ ಹಿಡಿಯುತ್ತದೆ. ನಮ್ಮ ಲೆಕ್ಕದ ಊರಿನಿಂದ ಆ ಮಳೆಗೆ ಹರಿದುಬಂದ ನೀರು ಪೂರ್ತಿ ಇದರಲ್ಲಿ ಕೂತೀತು. ಓಣಿಯ ಕೊಳೆ ಸೇರಿರುವುದರಿಂದ ಈ ನೀರು ಕುಡಿಯುವ ನೀರಿನ ಕೆರೆಗೆ ಹೋಗಬಾರದು. ಹಿಂಗಾರಿಗೆ ಬರಲಿ: ಆವಿಯಾಗುವುದನ್ನು ಬಿಟ್ಟು ಹೇಳುವುದಾದರೆ ಹನ್ನೆರಡು ಎಕರೆ ಕಡಲೆಗೆ ಒಂದು ಸಲ ಎರಡಿಂಚು ನೀರುಣಿಸಲು ಇಷ್ಟು ಸಾಕು. ಅಣ್ಣಿಗೇರಿ ಹೆಸರಿನ ಕಡಲೆ ತಳಿಯೇ ಇರುವ ನಾಡಿನಲ್ಲಿ ಹೂ ಬಿಡುವಾಗಿನ ಒಂದು ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹೊಂಡಕ್ಕೆ ಬೇಲಿ ಬೇಕು, ಮಳೆ ಹೆಚ್ಚಾದರೆ ಕಲ್ಲು ಕಟ್ಟಿದ ಕೋಡಿ ಬೇಕು, ಸೊಳ್ಳೆಗೆ ಗಪ್ಪಿ ಮೀನು ಬೇಕು.

ಕಲಘಟಗಿಗೆ ಬಂದರೆ ಈ ಪಟ್ಟಿಯನ್ನು ತಿರುವಿಹಾಕಬೇಕು. ಅಲ್ಲಿ ಮಳೆ ಹೆಚ್ಚು, ನೆಲ ಕುಡಿಯುತ್ತದೆ. ಇಂಗುಗುಂಡಿ, ಕಂದಕ, ತಗ್ಗಿನ ಕೈತೋಟ ಎಲ್ಲವೂ ಕೆಲಸ ಮಾಡುತ್ತವೆ. ಇಂಗಿದ ನೀರು ಕೆಳಗಿನ ಬಾವಿ, ಕೆರೆಗಳಿಗೆ ಒದಗುತ್ತದೆ. ಹೊಂಡಕ್ಕೆ ಮಾತ್ರ ಹಾಳೆ ಹಾಸದಿದ್ದರೆ ನೀರು ನಿಲ್ಲುವುದು ಕಷ್ಟ. ಕುಂದಗೋಳದಂಥ ಕಡೆ ಒಂದೇ ಪಂಚಾಯ್ತಿಯಲ್ಲಿ ಎರಡೂ ಬಗೆಯ ನೆಲ ಸಿಗಬಹುದು, ಅಲ್ಲಿ ಊರಿಗೊಂದು ನಕಾಶೆಯೂ ಸಾಲದು, ಓಣಿಗೊಂದು ಬೇಕಾದೀತು.

ಆದ್ದರಿಂದ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣದ ಸಾಲುಗಳಿಗಿಂತ ಮೊದಲು ಒಂದು ಸಾಲು ಸೇರಬೇಕು: ತೊಯ್ದ ನೆಲ ತಾಸಿಗೆ ಎಷ್ಟು ನೀರು ಕುಡಿಯಿತು? ಪರೀಕ್ಷೆಗೆ ಬೇಕಾದದ್ದು ಒಂದು ಹಾರೆ, ಎರಡು ಕೊಡ ನೀರು, ಒಂದು ಅಳತೆಪಟ್ಟಿ. ಬೇಸಿಗೆಯಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ. ಸೆಪ್ಟೆಂಬರ್‌ನಲ್ಲಿ, ಹಿಂದಿನ ದಿನ ಮಳೆಯಾದ ನೆಲದಲ್ಲಿ ಮಾಡಬೇಕು. ಉತ್ತರ ಒಂದೆರಡು ಮಿಲಿಮೀಟರ್ ಬಂದರೆ ಇಂಗುಗುಂಡಿಯ ದುಡ್ಡನ್ನು ಹೊಂಡಕ್ಕೆ ತಿರುಗಿಸಿ, ಇಪ್ಪತ್ತು ಬಂದರೆ ಹೊಂಡದ ದುಡ್ಡನ್ನು ಇಂಗುಗುಂಡಿಗೆ.