ವಿಮಾನಕ್ಕೆ ಒಂದು ತಾಸು, ಕೌಜಲಗಿಗೆ ಎಷ್ಟು?

ಕೌಜಲಗಿ ಕಡೆ ಹಿರಿಯರೊಬ್ಬರು ತೀರಿಕೊಂಡರೆಂದರೆ ಕಟ್ಟೆಯ ಮೇಲೆ ಮೊದಲು ಏಳುವ ಪ್ರಶ್ನೆ, "ಬೆಂಗಳೂರಾಗಿನ ಮಗ ಎಷ್ಟಕ್ಕ ಬರ್ತಾನ?" ಉತ್ತರವೂ ಸಿದ್ಧ: "ವಿಮಾನದಾಗ ಒಂದ ತಾಸಂತ್ರಿ. ಮಧ್ಯಾಹ್ನಕ್ಕ ಮಣ್ಣ ಇಟ್ಕೊಳ್ರಿ." ಬೀಗರಿಗೆ ಫೋನು ಹೋಗುತ್ತದೆ, ಕುಣಿ ತೋಡುವವರು ಗುದ್ದಲಿ ಎತ್ತುತ್ತಾರೆ. ಮಧ್ಯಾಹ್ನವಾಗುತ್ತದೆ. ಮಗ ಇನ್ನೂ ನೇಸರಗಿ ದಾಟಿರುವುದಿಲ್ಲ.

ಆ ಒಂದು ತಾಸು ಪೂರಾ ಸುಳ್ಳೇನಲ್ಲ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾಕ್ಕೆ ನಕ್ಷೆಯ ಮೇಲೆ ದಾರ ಹಿಡಿದರೆ ಸುಮಾರು 445 ಕಿ.ಮೀ. ರಸ್ತೆಯಲ್ಲಾದರೆ 500 ದಾಟುತ್ತದೆ. ಪಂಖದ ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಸುಮಾರು ಹಾರುತ್ತದೆ. ಜೆಟ್ಟಿನ ಓಟ 800ರ ಆಸುಪಾಸು. ಆದರೆ ಇಷ್ಟು ಹತ್ತಿರದ ಊರಿಗೆ ಅದರಿಂದ ಬಹಳ ಲಾಭವಿಲ್ಲ, ಏರಿ ಸಾವರಿಸಿಕೊಳ್ಳುವುದರೊಳಗೆ ಇಳಿಯುವ ಹೊತ್ತು ಬಂದಿರುತ್ತದೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು ಎಲ್ಲ ಸೇರಿ ಒಂದೂಕಾಲು ತಾಸು ಹಿಡಿಯಿರಿ.

ಹೊತ್ತು ತಿನ್ನುವುದು ಎರಡೂ ತುದಿಗಳು. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣ ಸುಮಾರು 35 ಕಿ.ಮೀ., ಅಲ್ಲಿಯ ಗಾಡಿ ಸಂದಣಿಯಲ್ಲಿ ಒಂದೂಕಾಲು ತಾಸು. ವಿಮಾನ ಹೊರಡಲು ಸುಮಾರು ಒಂದು ತಾಸು ಇರುವಾಗಲೇ ಕೌಂಟರ್ ಮುಚ್ಚುತ್ತಾರೆ. ಕೈ ಮಾಡಿ "ಹೋಲ್ಡಾನ್" ಅಂದರೆ ನಿಲ್ಲಲು ಅದೇನು ಗೋಕಾಕ ಬಸ್ಸೇ? ಆದ್ದರಿಂದ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಸಾಂಬ್ರಾದಲ್ಲಿ ಇಳಿದು ಹೊರಬರಲು ಅರ್ಧ ತಾಸು. ಪುಣ್ಯಕ್ಕೆ ಸಾಂಬ್ರಾ ಬಾಗಲಕೋಟೆ ರಸ್ತೆಯ ಮೇಲೇ ಇದೆ, ಬೆಳಗಾವಿ ಪೇಟೆ ಹೊಗುವ ಕೆಲಸವಿಲ್ಲ. ನೇಸರಗಿ, ಯರಗಟ್ಟಿ ಮೇಲೆ ಬಾಡಿಗೆ ಕಾರಿನಲ್ಲಿ ಬಂದರೂ ಎರಡು ತಾಸು. ಕೂಡಿಸಿದರೆ ಆರೂವರೆ ತಾಸಾಯಿತು. ಬಸ್ಸು ಕಾಯುತ್ತ ನಿಂತರೆ ಏಳೂವರೆ.

ಇದೂ ಬೇಕಾದ ಹೊತ್ತಿಗೆ ವಿಮಾನವಿದ್ದರೆ. ಬಸ್ಸಿನಂತೆ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುವುದಿಲ್ಲ. ಸಾಂಬ್ರಾ 1942ರಷ್ಟು ಹಳೆಯ ನಿಲ್ದಾಣ. 2017ರಲ್ಲಿ ಹೊಸ ಕಟ್ಟಡವೂ ಆಯಿತು. ಮರುವರ್ಷವೇ ಹೆಚ್ಚಿನ ವಿಮಾನಗಳು ಹುಬ್ಬಳ್ಳಿಯ ಪಾಲಾದವು. 2019ರಲ್ಲಿ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರು ಸೇರಿದ ಮೇಲೆ ಮತ್ತೆ ಕಳೆ ಬಂತು. ಸಾಂಬ್ರಾಕ್ಕೆ ಸೀಟು ಸಿಗದಿದ್ದರೆ ಹುಬ್ಬಳ್ಳಿಯನ್ನೂ ನೋಡಬಹುದು. ಬೆಂಗಳೂರಿನಿಂದ ಆಕಾಶದಲ್ಲಿ ಸುಮಾರು 370 ಕಿ.ಮೀ. ಮಾತ್ರ. ಆದರೆ ಧಾರವಾಡ, ಸವದತ್ತಿ ಹಾಯ್ದು ಕೌಜಲಗಿಗೆ ನೂರು ಕಿ.ಮೀ. ಮೇಲೆ ರಸ್ತೆ ಸವೆಸಬೇಕು. ಆಕಾಶದಲ್ಲಿ ಉಳಿಸಿದ್ದು ನೆಲದ ಮೇಲೆ ಖರ್ಚು!

ಸುದ್ದಿ ಮುಟ್ಟಿದ ಹೊತ್ತೂ ಮುಖ್ಯ. ನಸುಕಿನಲ್ಲಿ ಮುಟ್ಟಿದರೆ ವಿಮಾನಕ್ಕೆ ಸಾಟಿಯಿಲ್ಲ. ರಾತ್ರಿ ಎಂಟಕ್ಕೆ ಮುಟ್ಟಿದರೆ? ಮುಂಜಾನೆಯ ವಿಮಾನಕ್ಕೆ ಕಾಯ್ದು ಬರುವವನಿಗಿಂತ ಆಗಲೇ ರಾತ್ರಿ ಬಸ್ಸು ಹತ್ತಿದವನು ಹಿಂದೆ ಬೀಳುವುದಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಹತ್ತಿದರೂ ಮರುದಿನ ಹೊತ್ತೇರುವುದರೊಳಗೆ ಘಟಪ್ರಭಾದಲ್ಲಿ ಇಳಿಯಬಹುದು. ಟಿಕೆಟ್ಟಿನ ದುಡ್ಡೂ ಉಳಿಯುತ್ತದೆ. ದುಃಖದ ಮನೆಯಲ್ಲಿ ದುಡ್ಡಿನ ಮಾತು ಯಾರೂ ಎತ್ತುವುದಿಲ್ಲ, ಸಾಲದ ಕಂತು ಮಾತ್ರ ಬರುವ ತಿಂಗಳು ತಪ್ಪದೆ ಬರುತ್ತದೆ.

ಹಾಗಾಗಿ ಕಟ್ಟೆಯ ಹಿರಿಯರು "ಎಷ್ಟು ತಾಸು?" ಅನ್ನುವ ಬದಲು "ವಿಮಾನ ಎಷ್ಟಕ್ಕ ಐತಿ?" ಎಂದು ಕೇಳುವುದು ಲೇಸು. "ವಿಮಾನದಾಗ ಕುಂತೆ" ಅಂತ ಮಗನ ಫೋನು ಬಂದ ಮೇಲೂ ನಾಲ್ಕು ತಾಸು ಬೇಕೇ ಬೇಕು. ಬೀಗರಿಗೆ ಮಣ್ಣಿನ ಹೊತ್ತು ಆಮೇಲೆ ತಿಳಿಸಿದರಾಯಿತು.